ಅಪೊಸ್ತಲರು ಅಷ್ಟು ದೂರ ಹೋಗಿದ್ದು ನಿಜವಾ? ತೋಮರ ಕಥೆ ಹಿಡಿದು ಒಂದು ಚರ್ಚೆ

ಹಳೇನಾಣ್ಯ:

ಸಂತ ತೋಮರ ಹಬ್ಬ ಜುಲೈ 3 ಹತ್ತಿರ ಬಂತೆಂದರೆ, ಯೇಸುವಿನ ಹನ್ನೆರಡು ಅಪೊಸ್ತಲರಲ್ಲಿ (ಬೋಧನೆಗೆ ಕಳಿಸಿದ ಶಿಷ್ಯರಲ್ಲಿ) ಒಬ್ಬರಾದ ಅವರು ಭಾರತಕ್ಕೆ ಬಂದಿದ್ದರಾ ಇಲ್ವಾ ಅನ್ನೋ ಜಗಳ ಎಲ್ಲಾ ಕಡೆ ಶುರುವಾಗುತ್ತದೆ. ಬಂದೇ ಬಂದರು ಅನ್ನುವವರು ಒಂದು ಕಡೆ, ಬರೀ ಕಟ್ಟುಕಥೆ ಅನ್ನುವವರು ಇನ್ನೊಂದು ಕಡೆ. ಆದರೆ ಆ ಕಥೆ ಮೊದಲು ಸಿಗುವ ಪುಸ್ತಕದೊಳಗೆ ಏನಿದೆ ಅಂತ ಮಾತಾಡುವವರು ಕಡಿಮೆ. ಅದರಿಂದಲೇ ಶುರು ಮಾಡೋಣ.

ಪುಸ್ತಕದ ಹೆಸರು 'ತೋಮನ ಕೃತ್ಯಗಳು'. ಬೈಬಲಿನಲ್ಲಿ ಸೇರಿಲ್ಲ. ಕ್ರಿ.ಶ. 3ನೇ ಶತಮಾನದ ಮೊದಲ ಭಾಗದಲ್ಲಿ, ಸಿರಿಯಾಕ್ ಭಾಷೆಯಲ್ಲಿ, ಹೆಚ್ಚುಕಡಿಮೆ ಎದೆಸ್ಸ ಪಟ್ಟಣದಲ್ಲಿ ಬರೆದದ್ದು ಅನ್ನುತ್ತಾರೆ. ಎದೆಸ್ಸ ಅಂದರೆ ಈಗಿನ ಟರ್ಕಿಯ ಉರ್ಫಾ.

ಕಥೆ ಹೀಗೆ ಶುರುವಾಗುತ್ತದೆ. ಯೆರೂಸಲೇಮಿನಲ್ಲಿ ಅಪೊಸ್ತಲರೆಲ್ಲ ಸೇರಿ ಯಾರು ಯಾವ ದೇಶಕ್ಕೆ ಹೋಗಬೇಕು ಅಂತ ಚೀಟಿ ಹಾಕುತ್ತಾರೆ. ತೋಮರ ಪಾಲಿಗೆ ಭಾರತ ಬರುತ್ತದೆ. ಅವರು ಒಪ್ಪುವುದಿಲ್ಲ. ಮೈಯಲ್ಲಿ ಶಕ್ತಿ ಇಲ್ಲ, ನಾನು ಇಬ್ರಿಯನು, ಆ ಜನರ ನಡುವೆ ಹೋಗಿ ಹೇಗೆ ಬೋಧಿಸಲಿ ಅಂತ ಕೇಳುತ್ತಾರೆ. ರಾತ್ರಿ ಯೇಸುವೇ ಕಾಣಿಸಿಕೊಂಡು ಧೈರ್ಯ ಹೇಳಿದರೂ ಹಟ ಬಿಡುವುದಿಲ್ಲ. ಅದೇ ಹೊತ್ತಿಗೆ ಗುಂಡಫರ ಅನ್ನೋ ರಾಜನ ಕಡೆಯಿಂದ ಹಬ್ಬಾನ್ ಅನ್ನೋ ವ್ಯಾಪಾರಿ ಒಬ್ಬ ಬಡಗಿಯನ್ನು ಹುಡುಕಿಕೊಂಡು ಬಂದಿರುತ್ತಾನೆ. ಯೇಸು ಸಂತೆಯಲ್ಲಿ ಅವನನ್ನು ಕಂಡು, ನನ್ನ ಹತ್ತಿರ ಒಬ್ಬ ಬಡಗಿ ಇದ್ದಾನೆ ಅಂತ ಹೇಳಿ ತೋಮರನ್ನು ಬೆಳ್ಳಿಗೆ ಮಾರಿಬಿಡುತ್ತಾರೆ, ಕ್ರಯಪತ್ರ ಬರೆದುಕೊಟ್ಟು! ಇವನು ನಿನ್ನ ಒಡೆಯನಾ ಅಂತ ವ್ಯಾಪಾರಿ ಕೇಳಿದಾಗ ತೋಮ ಹೌದು, ನನ್ನ ಒಡೆಯ ಅನ್ನುತ್ತಾರೆ. ಹಾಗಾದರೆ ನಿನ್ನನ್ನು ಕೊಂಡಿದ್ದೇನೆ ಅಂತ ಅವನು ಹೇಳಿದ ಮೇಲೆ ಮಾತಿಲ್ಲ. ಮರುದಿನ ಬೆಳಿಗ್ಗೆ ಎದ್ದು ಹಡಗು ಹತ್ತುತ್ತಾರೆ.

ಏನೇನು ಕೆಲಸ ಬರುತ್ತದೆ ಅಂತ ಹಬ್ಬಾನ್ ಕೇಳುತ್ತಾನೆ. ಮರದಲ್ಲಿ ನೇಗಿಲು, ನೊಗ, ದೋಣಿ, ಹುಟ್ಟು, ಪಟದ ಕಂಬ. ಕಲ್ಲಿನಲ್ಲಿ ಕಂಬಗಳು, ಗುಡಿಗಳು, ಅರಮನೆಗಳು. ಇದು ತೋಮರ ಉತ್ತರ.

ರಾಜ ಅರಮನೆ ಕಟ್ಟು ಅನ್ನುತ್ತಾನೆ. ತೋಮ ಒಂದು ಜೊಂಡಿನ ಕಡ್ಡಿ ಹಿಡಿದು ಜಾಗ ಅಳೆದು ನಕ್ಷೆ ಬರೆಯುತ್ತಾರೆ. ಬೆಳಕಿಗೆ ಬಾಗಿಲು ಪೂರ್ವಕ್ಕೆ, ಗಾಳಿಗೆ ಕಿಟಕಿ ಪಶ್ಚಿಮಕ್ಕೆ, ರೊಟ್ಟಿ ಸುಡುವ ಮನೆ ದಕ್ಷಿಣಕ್ಕೆ, ನೀರಿನ ಕಾಲುವೆ ಉತ್ತರಕ್ಕೆ. ಎಲ್ಲರೂ ಬೇಸಿಗೆಯಲ್ಲಿ ಕಟ್ಟುತ್ತಾರೆ, ನೀನು ಚಳಿಗಾಲದಲ್ಲಿ ಕಟ್ಟುತ್ತೀಯಾ ಅಂತ ರಾಜನಿಗೆ ಆಶ್ಚರ್ಯ. ಹೌದು, ಹಾಗೇ ಆಗಬೇಕು ಅನ್ನುತ್ತಾರೆ ತೋಮ. ಬಂದ ಹಣವನ್ನೆಲ್ಲ ಬಡವರಿಗೆ ಹಂಚುತ್ತಾರೆ. ಒಂದು ಕಲ್ಲೂ ಎದ್ದಿಲ್ಲ ಅಂತ ತಿಳಿದ ರಾಜ ಸೆರೆಗೆ ಹಾಕಿಸುತ್ತಾನೆ. ಅಷ್ಟರಲ್ಲಿ ರಾಜನ ತಮ್ಮ ಗಾದ್ ಸತ್ತು, ಪರಲೋಕದಲ್ಲಿ ಅಣ್ಣನ ಹೆಸರಿನಲ್ಲಿ ಎದ್ದು ನಿಂತಿರುವ ಅರಮನೆ ನೋಡಿ, ಅದನ್ನು ಕೊಂಡುಕೊಳ್ಳಬೇಕು ಅಂತ ಜೀವ ಪಡೆದು ವಾಪಸ್ ಬರುತ್ತಾನೆ.

ಈಗ ನಾಣ್ಯದ ವಿಷಯ. ಈ ಗುಂಡಫರ ಬರೀ ಕಥೆಯ ರಾಜ ಅಂತಲೇ ಬಹಳ ಕಾಲ ಎಣಿಸಿದ್ದರು. 19ನೇ ಶತಮಾನದಲ್ಲಿ ಅಫ್ಘಾನಿಸ್ತಾನ, ಪಂಜಾಬ್ ಕಡೆ ಅವನ ಹೆಸರಿನ ನಾಣ್ಯಗಳು ರಾಶಿ ರಾಶಿ ಸಿಕ್ಕವು. ಒಂದು ಮುಖದಲ್ಲಿ ಗ್ರೀಕ್, ಇನ್ನೊಂದರಲ್ಲಿ ವಾಯವ್ಯ ಭಾರತದ ಹಳೆಯ ಖರೋಷ್ಠಿ ಲಿಪಿ. ಆಮೇಲೆ ಪೇಶಾವರದ ಹತ್ತಿರದ ತಖ್ತ್-ಇ-ಬಾಹಿಯ ಶಾಸನ ಬೆಳಕಿಗೆ ಬಂತು. ಅದರಲ್ಲಿ ರಾಜನ ಆಳ್ವಿಕೆಯ 26ನೇ ವರ್ಷ, ಒಂದು ಶಕದ 103ನೇ ವರ್ಷ ಅಂತ ಇದೆ. ಬಹಳ ವಿದ್ವಾಂಸರು ಅದನ್ನು ಕ್ರಿ.ಶ. 46 ಅಂತ ಲೆಕ್ಕ ಹಾಕುತ್ತಾರೆ. ಅಂದರೆ ಅಪೊಸ್ತಲರ ಕಾಲವೇ ಆಯಿತು.

ತೋಮ ಬಂದರು ಅನ್ನೋದಕ್ಕೆ ಇದು ಸಾಕ್ಷಿ ಅಲ್ಲ. ಆದರೆ ಇನ್ನೂರು ವರ್ಷದ ಹಿಂದೆ ಸತ್ತ, ಅಷ್ಟು ದೂರದ ಒಬ್ಬ ರಾಜನ ಹೆಸರು ಎದೆಸ್ಸದ ಬರಹಗಾರನಿಗೆ ಎಲ್ಲಿಂದ ಸಿಕ್ಕಿತು? ಆ ಹೆಸರು ಯಾವುದೋ ದಾರಿಯಲ್ಲಿ ನಡೆದು ಬಂದಿದೆ. ನನಗೆ ಆ ದಾರಿಯ ಬಗ್ಗೆ ಕುತೂಹಲ.

ನಿರಣಂಮೂಲ:

ಹಳೇನಾಣ್ಯ ಅವರೇ, ಚೆನ್ನಾಗಿ ಬರೆದಿದ್ದೀರಿ. ನಾವು ಬೆಂಗಳೂರಿಗೆ ಬಂದು ಎರಡು ತಲೆಮಾರು ಆಯಿತು, ಮೂಲ ಕೇರಳದ ನಿರಣಂ. ನಮ್ಮಲ್ಲಿ ತೋಮ ಬಂದಿದ್ದು ಕ್ರಿ.ಶ. 52ರಲ್ಲಿ, ಕೊಡುಂಗಲ್ಲೂರಿನ ಹತ್ತಿರ. ಕೊಡುಂಗಲ್ಲೂರು, ಪಾಲಯೂರು, ಪರವೂರು, ಕೊಕ್ಕಮಂಗಲಂ, ನಿರಣಂ, ನಿಲಕ್ಕಲ್, ಕೊಲ್ಲಂ, ಈ ಏಳು ಕಡೆ ಸಭೆ, ಅಂದರೆ ಕ್ರೈಸ್ತರ ಸಮುದಾಯ, ಕಟ್ಟಿದರು ಅಂತ ನಂಬಿಕೆ. ಕನ್ಯಾಕುಮಾರಿ ಕಡೆಯ ತಿರುವಿದಾಂಕೋಡನ್ನು 'ಅರಪ್ಪಳ್ಳಿ' ಅಂತ ಕರೆಯುತ್ತಾರೆ, ಅರ್ಧ ಪಳ್ಳಿ. ಪಳ್ಳಿ ಅಂದರೆ ಇಗರ್ಜಿ. ಕ್ರಿ.ಶ. 72ರಲ್ಲಿ ಚೆನ್ನೈನ ಮೈಲಾಪುರದಲ್ಲಿ ಈಟಿಯಿಂದ ತಿವಿದು ಕೊಂದರು.

ನಮ್ಮ ಕೇರಳದ ಕ್ರೈಸ್ತರ ಕುಣಿತ ಮಾರ್ಗಂಕಳಿ ನೋಡಿದ್ದೀರಾ? ಬೆಳಗಿಸಿದ ದೀಪದ ಸುತ್ತ ಹನ್ನೆರಡು ಜನ ಕುಣಿಯುತ್ತಾರೆ. ನಡುವಿನ ದೀಪ ಯೇಸು, ಸುತ್ತ ಇರುವವರು ಶಿಷ್ಯರು. ಹಾಡಿನ ಕಥೆ ನೀವು ಹೇಳಿದ್ದೇ: ಹಬ್ಬಾನ್ ಬರುತ್ತಾನೆ, ಅರಮನೆ ಬೇಕು ಅನ್ನುತ್ತಾನೆ, ಹಣ ಬಡವರಿಗೆ ಹೋಗುತ್ತದೆ. ಆದರೆ ಹಾಡಿನಲ್ಲಿ ಅರಮನೆ ಕೇಳುವವನು ಚೋಳ ರಾಜ! ಪೇಶಾವರದ ಕಡೆಯ ಅರಸನ ಹೆಸರು ನಮ್ಮ ಹಿರಿಯರಿಗೆ ಬೇಕಾಗಲಿಲ್ಲ. ತಾವು ಕಂಡು ಕೇಳಿದ ರಾಜರಲ್ಲಿ ದೊಡ್ಡವನನ್ನು ಅಲ್ಲಿ ಕೂರಿಸಿದರು.

ನಾನು ನಂಬುತ್ತೇನೆ ಅಂತ ನೇರವಾಗಿ ಹೇಳುತ್ತೇನೆ. ಇಷ್ಟು ಊರುಗಳು, ಇಷ್ಟು ಮನೆತನಗಳು ಒಂದೇ ನೆನಪನ್ನು ಹಿಡಿದುಕೊಂಡು ಬಂದಿರುವಾಗ ಅದರ ಬುಡದಲ್ಲಿ ಏನೂ ಇಲ್ಲ ಅನ್ನೋದು ನನಗೆ ಒಪ್ಪಿಗೆ ಆಗುವುದಿಲ್ಲ.

ಕಡಲದಾರಿ:

ದಾರಿಯ ವಿಷಯ ಬಂದಿದ್ದರಿಂದ ಬರೆಯುತ್ತಿದ್ದೇನೆ. ಆ ಕಾಲದಲ್ಲಿ ಈಜಿಪ್ಟಿನಿಂದ ಮಲಬಾರಿಗೆ ಬರುವುದು ಅಪರೂಪದ ಸಾಹಸ ಆಗಿರಲಿಲ್ಲ. ಕೆಂಪು ಸಮುದ್ರದ ಮಿಯೋಸ್ ಹೋರ್ಮೋಸ್ ಬಂದರಿನಿಂದ ವರ್ಷಕ್ಕೆ 120 ಹಡಗು ಭಾರತದ ಕಡೆ ಹೊರಡುತ್ತಿದ್ದವು ಅಂತ ಆ ಕಾಲದ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆಯುತ್ತಾನೆ. ಮುಂಗಾರು ಗಾಳಿ ಹಿಡಿದರೆ ಅರೇಬಿಯದ ತುದಿಯಿಂದ ಮಲಬಾರಿನ ಹಳೆಯ ಬಂದರು ಮುಜಿರಿಸ್‌ಗೆ 40 ದಿನ ಅನ್ನುತ್ತಾನೆ ರೋಮಿನ ಬರಹಗಾರ ಪ್ಲಿನಿ. ವಿಯೆನ್ನಾದಲ್ಲಿ 2ನೇ ಶತಮಾನದ ಒಂದು ಪಪೈರಸ್ ಇದೆ. ಮುಜಿರಿಸ್ ವ್ಯಾಪಾರಕ್ಕೆ ತೆಗೆದುಕೊಂಡ ಸಾಲದ ಕರಾರು ಅದು, ಹಡಗಿನ ಹೆಸರು ಹೆರ್ಮಪೋಲ್ಲೋನ್. ಅದರ ಹಿಂಬದಿಯಲ್ಲಿ ಸರಕಿನ ಬೆಲೆಯ ಲೆಕ್ಕ. ಆನೆ ದಂತ, ಸುಗಂಧದ ಜಟಾಮಾಂಸಿ ಎಲ್ಲಾ ಇದೆ.

ಹಾಗಾಗಿ ಯೆಹೂದಿ ಬಡಗಿಯೊಬ್ಬ ವ್ಯಾಪಾರಿಯ ಜೊತೆ ಹಡಗು ಹತ್ತಿ ಬರುವುದು ಪೂರ್ತಿ ಸಾಧ್ಯ. ಆದರೆ ಬರಬಹುದಿತ್ತು ಅನ್ನೋದು ಬೇರೆ, ಬಂದರು ಅನ್ನೋದು ಬೇರೆ. ಇನ್ನೂ ಒಂದು ಗಂಟು ಇದೆ. ಗುಂಡಫರನ ರಾಜ್ಯ ವಾಯವ್ಯದಲ್ಲಿ, ತಕ್ಷಶಿಲೆ ಕಡೆ. ಮುಜಿರಿಸ್ ಇರುವುದು ದಕ್ಷಿಣದಲ್ಲಿ. ಪುಸ್ತಕದಲ್ಲಿ ಮಲಬಾರಿನ ಸುಳಿವೇ ಇಲ್ಲ, ಮೆಣಸಿನ ಹೆಸರೂ ಇಲ್ಲ. 4ನೇ ಶತಮಾನದ ಸಭಾ ಚರಿತ್ರೆಕಾರ ಯುಸೇಬಿಯಸ್ ಅಂತೂ ಹಿಂದಿನವರ ಮಾತು ಹಿಡಿದು ತೋಮರಿಗೆ ಬಂದ ಪಾಲು ಪಾರ್ಥಿಯ, ಅಂದರೆ ಇರಾನಿನ ಕಡೆಯ ರಾಜ್ಯ, ಅನ್ನುತ್ತಾನೆ. ಗುಂಡಫರ ಪಾರ್ಥಿಯನ್ ಮೂಲದವನೇ ಆದ್ದರಿಂದ ಆ ಎರಡು ಮಾತು ಒಂದಕ್ಕೊಂದು ಹೊಂದುತ್ತವೆ. ಮಲಬಾರ್ ಹೊಂದುವುದಿಲ್ಲ.

ಕಲ್ಯಾಣಪುರದ ಓದುಗ:

ನಮ್ಮ ಉಡುಪಿ ಕಡೆಯದ್ದೂ ಒಂದು ಎಳೆ ಇದೆ, ಸೇರಿಸುತ್ತೇನೆ. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕಾಸ್ಮಸ್ ಅನ್ನೋ ವ್ಯಾಪಾರಿ, ಮೆಣಸು ಬೆಳೆಯುವ ಮಲೆ ಸೀಮೆಯಲ್ಲಿ ಕ್ರೈಸ್ತರಿದ್ದಾರೆ, ಕಲ್ಲಿಯಾನ ಅನ್ನೋ ಊರಿನಲ್ಲಿ ಪರ್ಷಿಯದಿಂದ ನೇಮಕವಾಗಿ ಬಂದ ಬಿಷಪ್ ಇದ್ದಾರೆ ಅಂತ ಬರೆದಿದ್ದಾನೆ. ಆ ಕಲ್ಲಿಯಾನ ನಮ್ಮ ಕಲ್ಯಾಣಪುರವೇ ಅಂತ ಇಲ್ಲಿ ಬಹಳ ಜನ ಹೇಳುತ್ತಾರೆ. ಇನ್ನು ಮತ್ತೊಬ್ಬ ಅಪೊಸ್ತಲ ಬಾರ್ತೊಲೊಮಾಯರ ವಿಷಯ. 2ನೇ ಶತಮಾನದ ಕೊನೆಗೆ ಪಂತೇನಸ್ ಅನ್ನೋ ಗುರು ಭಾರತಕ್ಕೆ ಹೋದಾಗ, ಬಾರ್ತೊಲೊಮಾಯರು ಬಿಟ್ಟುಹೋಗಿದ್ದ, ಇಬ್ರಿಯ ಅಕ್ಷರದ ಮತ್ತಾಯನ ಸುವಾರ್ತೆ ಅಲ್ಲಿನವರ ಹತ್ತಿರ ಇತ್ತಂತೆ. ಇದನ್ನೂ ಯುಸೇಬಿಯಸ್ಸೇ ಹೇಳುವುದು. ಅದನ್ನು ಕೊಂಕಣ ಕರಾವಳಿಗೆ ಸೇರಿಸುವವರಿದ್ದಾರೆ.

ಕಡಲದಾರಿ ಸರ್, ನಿಮಗೆ ಏನನ್ನಿಸುತ್ತದೆ?

ಕಡಲದಾರಿ:

ಕಲ್ಲಿಯಾನ ಮುಂಬೈ ಹತ್ತಿರದ ಕಲ್ಯಾಣ ಅಂತಲೇ ನನ್ನ ಮನಸ್ಸು ವಾಲುತ್ತದೆ. 1ನೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯಲ್ಲಿ ಕಲ್ಲಿಯೇನ ಅನ್ನೋ ಬಂದರು ಸೋಪಾರದ ಪಕ್ಕದಲ್ಲೇ ಬರುತ್ತದೆ, ಅದೂ ಶಾತವಾಹನರ ಕಾಲದ ಮಾತಿನ ನಡುವೆ. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಚರಿತ್ರೆ ಗಟ್ಟಿಯಾಗಿ ಸಿಗುವುದು 17ನೇ ಶತಮಾನದಿಂದ. ನಡುವಿನ ಸಾವಿರ ವರ್ಷ ತುಂಬಲು ಏನಾದರೂ ವಸ್ತು ಸಿಗಬೇಕು. ಪಂತೇನಸ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆಗಿನ ಗ್ರೀಕರು ದಕ್ಷಿಣ ಅರೇಬಿಯ, ಇಥಿಯೋಪಿಯ ಕಡೆಯನ್ನೂ ಭಾರತ ಅಂತಲೇ ಬರೆಯುತ್ತಿದ್ದರು.

ಓದುವಾಕೆ:

ಒಂದು ಸಣ್ಣ ಪ್ರಶ್ನೆ. ಮೈಲಾಪುರದಲ್ಲಿ ಸಮಾಧಿ ಇದೆ. ಎದೆಸ್ಸದಲ್ಲೂ ಇತ್ತು ಅಂತ ಕೇಳಿದ್ದೇನೆ. ಇಟಲಿಯಲ್ಲೂ ಇದೆಯಂತೆ. ಇದು ಹೇಗೆ?

ಹಳೇನಾಣ್ಯ:

ಪುಸ್ತಕದ ಕೊನೆಯಲ್ಲೇ ಅದರ ಬೀಜ ಇದೆ. ತೋಮರನ್ನು ಕೊಲ್ಲಿಸಿದ ಮಜ್ದಾಯ್ ರಾಜನ ಮಗನಿಗೆ ದೆವ್ವ ಹಿಡಿಯುತ್ತದೆ. ಎಲುಬು ತಂದು ಮಗನ ಮೈಗೆ ತಾಗಿಸೋಣ ಅಂತ ರಾಜ ಸಮಾಧಿ ತೆಗೆಸಿದರೆ ಅಲ್ಲಿ ಎಲುಬಿಲ್ಲ. ತೋಮರನ್ನು ನಂಬಿದ್ದ ಸಹೋದರರಲ್ಲಿ ಒಬ್ಬ ಗುಟ್ಟಾಗಿ ಪಶ್ಚಿಮಕ್ಕೆ ಒಯ್ದಾಗಿತ್ತು. ಕೊನೆಗೆ ಅಲ್ಲಿನ ಮಣ್ಣನ್ನೇ ಹಚ್ಚುತ್ತಾರೆ, ಮಗ ಗುಣ ಆಗುತ್ತಾನೆ. ಎದೆಸ್ಸದ ಜನ ಎಲುಬು ನಮ್ಮಲ್ಲಿದೆ ಅನ್ನುತ್ತಿದ್ದರು. 373ರಲ್ಲಿ ತೀರಿಕೊಂಡ ಎಫ್ರೇಮ್ ಕವಿಯ ಹಾಡಿನಲ್ಲಿ ಸೈತಾನನೇ ಗೋಳಾಡುತ್ತಾನೆ. ಭಾರತದಲ್ಲಿ ಕೊಂದೆ ಅಂದುಕೊಂಡ ಅಪೊಸ್ತಲ ನನಗಿಂತ ಮೊದಲೇ ಎದೆಸ್ಸಕ್ಕೆ ಬಂದು ಕೂತಿದ್ದಾನೆ ಅಂತ. ಅದೇ ಶತಮಾನದ ಕೊನೆಗೆ ಎಜೀರಿಯ ಅನ್ನೋ ಯಾತ್ರಿಕೆ ಅಲ್ಲಿಗೆ ಹೋಗಿ ಪ್ರಾರ್ಥನೆ ಮಾಡಿ ಬಂದಿದ್ದಾಳೆ. ಮುಂದೆ ಅಸ್ಥಿ ಕಿಯೋಸ್ ದ್ವೀಪಕ್ಕೆ ಹೋಗಿ, 1258ರಲ್ಲಿ ಇಟಲಿಯ ಒರ್ತೋನ ಸೇರಿತು ಅನ್ನುತ್ತಾರೆ.

ಮೈಲಾಪುರದ ಸಮಾಧಿಯನ್ನು 13ನೇ ಶತಮಾನದ ಕೊನೆಗೆ ಮಾರ್ಕೊ ಪೋಲೊ ವರ್ಣಿಸಿದ್ದಾನೆ. ಕ್ರೈಸ್ತರೂ ಮುಸ್ಲಿಮರೂ ಯಾತ್ರೆ ಬರುತ್ತಾರೆ, ಅಲ್ಲಿನ ಕೆಂಪು ಮಣ್ಣನ್ನು ನೀರಲ್ಲಿ ಕಲಸಿ ಜ್ವರದವರಿಗೆ ಕುಡಿಸುತ್ತಾರೆ ಅಂತ. ಎದೆಸ್ಸದ ಪುಸ್ತಕದಲ್ಲಿ ಗುಣ ಮಾಡಿದ್ದೂ ಮಣ್ಣೇ, ಗಮನಿಸಿ. ಮಾರ್ಕೊ ಪೋಲೊ ಹೇಳುವ ಸಾವಿನ ಕಥೆ ಮಾತ್ರ ಬೇರೆ. ಕಾಡಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದಾಗ ನವಿಲಿಗೆ ಬಿಟ್ಟ ಬಾಣ ಅಕಸ್ಮಾತ್ತಾಗಿ ತಗುಲಿತಂತೆ. ಪೋರ್ಚುಗೀಸರು ಅಗೆದಿದ್ದು 1523ರಲ್ಲಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ತೋಮರ ಕಥೆಯನ್ನು ಒಂಟಿಯಾಗಿ ನೋಡಬಾರದು. ಪಕ್ಕದಲ್ಲಿ ಉಳಿದ ಅಪೊಸ್ತಲರನ್ನೂ ಇಟ್ಟು ನೋಡಿ. ಯಾಕೋಬರನ್ನು ಹೆರೋದ ಕತ್ತಿಯಿಂದ ಕೊಲ್ಲಿಸಿದ ಅಂತ ಬೈಬಲಿನಲ್ಲೇ ಇದೆ. ಆದರೂ ಅವರ ಸಮಾಧಿ 9ನೇ ಶತಮಾನದಲ್ಲಿ ಸ್ಪೇನಿನ ಗಲೀಸಿಯದಲ್ಲಿ ಸಿಕ್ಕಿತು, ಸಾಂತಿಯಾಗೊ ಪಟ್ಟಣ ಎದ್ದಿತು. ಅಪೊಸ್ತಲ ಅಂದ್ರೆಯರು ದ್ನೀಪರ್ ನದಿಯಲ್ಲಿ ಮೇಲೆ ಹೋಗಿ, ಮುಂದೆ ಕೀವ್ ಆಗುವ ಗುಡ್ಡದ ಮೇಲೆ ಶಿಲುಬೆ ನೆಟ್ಟರು ಅಂತ 12ನೇ ಶತಮಾನದ ರುಸ್ ವೃತ್ತಾಂತ ಹೇಳುತ್ತದೆ. ಅಲ್ಲಿಂದ ಉತ್ತರದ ನೊವ್ಗೊರೊದ್ ಸೀಮೆಗೆ ಹೋಗಿ ಜನ ಸ್ನಾನ ಮಾಡುವುದನ್ನು ನೋಡುತ್ತಾರೆ. ಮರದ ಬಚ್ಚಲುಮನೆಯನ್ನು ಕೆಂಪಗೆ ಕಾಯಿಸಿ, ಬತ್ತಲೆ ನಿಂತು, ಎಳೆಯ ಬರಲುಗಳಿಂದ ತಮ್ಮನ್ನು ತಾವೇ ಹೊಡೆದುಕೊಂಡು, ಜೀವ ಹೋಗುವ ಹಾಗಾದಾಗ ತಣ್ಣೀರು ಸುರಿದುಕೊಳ್ಳುತ್ತಾರೆ. ರೋಮಿಗೆ ಹೋಗಿ ಇದನ್ನೆಲ್ಲ ಹೇಳಿದರು ಅಂತ ಬರೆದಿದೆ. ಬರೆದವನಿಗೆ ತನ್ನ ನೆಲ ಅಪೊಸ್ತಲರ ಕಣ್ಣಿಗೆ ಬಿದ್ದಿತ್ತು ಅನ್ನೋದೇ ದೊಡ್ಡದು.

ಎಲ್ಲಕ್ಕಿಂತ ತಿಳಿಯಾದ ಉದಾಹರಣೆ ಸೈಪ್ರಸ್. 5ನೇ ಶತಮಾನದಲ್ಲಿ ಸಿರಿಯ ಕಡೆಯ ಅಂತಿಯೋಕ್ಯದ ಸಭೆ ಸೈಪ್ರಸ್ ನಮ್ಮ ಕೈಕೆಳಗೆ ಇರಬೇಕು ಅಂತ ಪಟ್ಟು ಹಿಡಿಯುತ್ತದೆ. ನಮ್ಮ ಸಭೆಯನ್ನು ಕಟ್ಟಿದ್ದೂ ಅಪೊಸ್ತಲರೇ ಅಂತ ದ್ವೀಪದವರು ತೋರಿಸಬೇಕಿತ್ತು. ಆಗ ಬಿಷಪ್ ಅಂಥೆಮಿಯಸ್‌ಗೆ ಕನಸು ಬಿತ್ತಂತೆ. ಸಲಮೀಸಿನ ಹತ್ತಿರ ಒಂದು ಮರದ ಬುಡ ಅಗೆದರೆ ಪೌಲರ ಜೊತೆಗಾರ ಅಪೊಸ್ತಲ ಬಾರ್ನಬರ ದೇಹ, ಎದೆಯ ಮೇಲೆ ಮತ್ತಾಯನ ಸುವಾರ್ತೆ. ಆ ಸುವಾರ್ತೆಯನ್ನು ಜೀನೋ ಚಕ್ರವರ್ತಿಗೆ ಕೊಟ್ಟರು, ಸೈಪ್ರಸ್ ಸಭೆ ಸ್ವತಂತ್ರ ಆಯಿತು. ಅಲ್ಲಿನ ಆರ್ಚ್‌ಬಿಷಪ್ ಇವತ್ತಿಗೂ ಕೆಂಪು ಶಾಯಿಯಲ್ಲಿ ಸಹಿ ಹಾಕುವುದು ಆ ಚಕ್ರವರ್ತಿ ಕೊಟ್ಟ ಮರ್ಯಾದೆ ಅಂತ.

ಜಮೀನಿಗೆ ಮೂಲಪತ್ರ ಇದ್ದ ಹಾಗೆ ಸಭೆಗೆ ಅಪೊಸ್ತಲರ ಪ್ರಯಾಣ. ನನಗೆ ಕಾಣುವುದು ಹೀಗೆ. ಯಾರ ಮೇಲೆ ಯಾರು ಅನ್ನೋ ಪ್ರಶ್ನೆ ಎದ್ದಲ್ಲೆಲ್ಲ ಅಪೊಸ್ತಲರು ಬಂದಿದ್ದರು ಅನ್ನೋ ಉತ್ತರ ಬರುತ್ತದೆ.

ನಿರಣಂಮೂಲ:

ಇದನ್ನು ನಾನು ಒಪ್ಪುವುದಿಲ್ಲ. ಸೈಪ್ರಸ್‌ದು ಬಿಷಪ್ಪರ ಜಗಳ ಇರಬಹುದು. ಮಲಬಾರಿನಲ್ಲಿ ಕಥೆ ಹಾಡಿದವರಿಗೆ ಯಾವ ಪಟ್ಟ ಸಿಗಬೇಕಿತ್ತು? ಬೇಸಾಯ ಮಾಡುವವರು, ಮೆಣಸು ಮಾರುವವರು. ಮದುವೆ ಮನೆಯಲ್ಲಿ ಕುಣಿದರು, ಮಕ್ಕಳಿಗೆ ಹೇಳಿದರು. ಹಕ್ಕಿಗಾಗಿ ಹುಟ್ಟಿದ ಕಥೆ ಅಂದುಬಿಟ್ಟರೆ ಆ ಪ್ರೀತಿ ಎಲ್ಲಿ ಹೋಗುತ್ತದೆ?

ಆದರೆ ಹಕ್ಕು ಕಾಯಲು ಆ ಕಥೆ ಬೇಕಾದ ಕಾಲವೂ ಬಂತು, ಅದನ್ನು ನಾನೇ ಹೇಳುತ್ತೇನೆ. 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಉದಯಂಪೇರೂರಿನಲ್ಲಿ ಸಿನಡ್, ಅಂದರೆ ಸಭೆಯ ಮಹಾಕೂಟ, ಕರೆದರು. ನಮ್ಮವರು ತಮ್ಮ ನಡಾವಳಿಯನ್ನು ಮಾರ್ತೋಮನ ಮಾರ್ಗ ಅನ್ನುತ್ತಿದ್ದರು, ಪೋರ್ಚುಗೀಸರದ್ದು ಪೇತ್ರನ ಮಾರ್ಗ. ಎರಡು ಮಾರ್ಗ ಬೇರೆ ಬೇರೆ ಅನ್ನೋದೇ ತಪ್ಪು ಅಂತ ಸಿನಡ್ ತೀರ್ಮಾನ ಮಾಡಿತು. ಸಿರಿಯಾಕ್ ಪುಸ್ತಕಗಳನ್ನು ಸುಟ್ಟರು. 1653ರಲ್ಲಿ ಮಟ್ಟಾಂಚೇರಿಯಲ್ಲಿ ಜನ ಸೇರಿ, ಪೋರ್ಚುಗೀಸ್ ಗುರುಗಳಿಗೆ ಇನ್ನು ತಲೆಬಾಗುವುದಿಲ್ಲ ಅಂತ ಕೂನನ್ (ಬಾಗಿದ) ಶಿಲುಬೆಯ ಪ್ರತಿಜ್ಞೆ ಮಾಡಿದರು. ಶಿಲುಬೆಗೆ ಹಗ್ಗ ಕಟ್ಟಿ, ಕೈಗೆ ಸಿಗದವರು ಆ ಹಗ್ಗ ಹಿಡಿದು ನಿಂತರು ಅಂತ ನಮ್ಮಲ್ಲಿ ಹೇಳುತ್ತಾರೆ. ತೋಮ ನಮ್ಮ ಜೊತೆ ಇದ್ದಾರೆ ಅನ್ನೋ ನಂಬಿಕೆ ಇಲ್ಲದಿದ್ದರೆ ಆ ಧೈರ್ಯ ಬರುತ್ತಿತ್ತಾ? ಕಥೆ ಮೊದಲೇ ಇತ್ತು, ಪ್ರೀತಿಯಿಂದ ಇತ್ತು. ಕಷ್ಟ ಬಂದಾಗ ಕೈಗೆ ಬಂತು. ನಿಮ್ಮ ಮಾತಿನಲ್ಲಿ ಇದು ತಿರುವುಮುರುವು ಆಗಿದೆ.

ಓದುವಾಕೆ:

ನಿರಣಂಮೂಲ ಅಕ್ಕ ಹೇಳಿದ್ದು ನನಗೆ ಸರಿ ಅನ್ನಿಸುತ್ತದೆ. ಅಧಿಕಾರದ ಲೆಕ್ಕ ಮಾತ್ರ ಹಾಕಿದರೆ ಈ ಪುಸ್ತಕದ ಬಹುಪಾಲು ಕೈತಪ್ಪಿ ಹೋಗುತ್ತದೆ. ಯಾಕೆಂದರೆ ಎರಡನೇ ಅರ್ಧದಲ್ಲಿ ಸಭೆ ಕಟ್ಟುವ ವಿಷಯ ಬಹಳ ಕಡಿಮೆ. ಅಲ್ಲಿ ಇರುವುದು ಹೆಂಗಸರು.

ಮಿಗ್ದೋನಿಯ ಅನ್ನೋವಳು ರಾಜನ ಹತ್ತಿರದ ಬಂಧುವಿನ ಹೆಂಡತಿ. ತೋಮರನ್ನು ನೋಡಲು ಪಲ್ಲಕ್ಕಿಯಲ್ಲಿ ಬರುತ್ತಾಳೆ. ಜನ ತುಂಬಿದ್ದಾರೆ, ಅವಳ ಆಳುಗಳು ದಾರಿ ಬಿಡಿಸಲು ನೂಕುತ್ತಾರೆ, ಹೊಡೆಯುತ್ತಾರೆ. ತೋಮ ಮೊದಲು ಮಾತಾಡುವುದು ಒಡತಿಯ ಜೊತೆ ಅಲ್ಲ, ಪಲ್ಲಕ್ಕಿ ಹೊತ್ತವರ ಜೊತೆ. ನೀವೂ ಮನುಷ್ಯರು, ಆದರೆ ನಿಮ್ಮ ಮೇಲೆ ಪ್ರಾಣಿಗಳ ಮೇಲೆ ಹೇರಿದ ಹಾಗೆ ಹೊರೆ ಹೇರಿದ್ದಾರೆ, ನೀವು ತಮ್ಮ ಹಾಗೆ ಮನುಷ್ಯರು ಅಂತ ನಿಮ್ಮ ಒಡೆಯರಿಗೆ ಅನ್ನಿಸುವುದಿಲ್ಲ ಅನ್ನುತ್ತಾರೆ. ಇಷ್ಟು ಹಳೆಯ ಪುಸ್ತಕದಲ್ಲಿ ಇದನ್ನು ಓದಿದಾಗ ನಾನು ಅಲ್ಲೇ ನಿಂತುಬಿಟ್ಟೆ. ಮಾತು ಕೇಳಿದ ಮಿಗ್ದೋನಿಯ ಪಲ್ಲಕ್ಕಿಯಿಂದ ಇಳಿದು ನೆಲಕ್ಕೆ ಬೀಳುತ್ತಾಳೆ. ಆಮೇಲೆ ಗಂಡನ ಹಾಸಿಗೆಗೆ ಹೋಗುವುದಿಲ್ಲ. ಗಂಡ ಅಳುತ್ತಾನೆ, ಬೇಡುತ್ತಾನೆ, ಬೆದರಿಸುತ್ತಾನೆ. ಅವಳಿಗೆ ಬುದ್ಧಿ ಹೇಳಲು ಹೋದ ರಾಣಿ ತೆರ್ತಿಯಳೂ ಅದೇ ದಾರಿ ಹಿಡಿಯುತ್ತಾಳೆ. ತೋಮರನ್ನು ಕೊಲ್ಲಲು ಇದೇ ಕಾರಣ, ರಾಜನ ಮನೆಯೇ ಕೈತಪ್ಪಿತಲ್ಲ!

ಆಗಿನ ಸಿರಿಯಾಕ್ ಕ್ರೈಸ್ತರಲ್ಲಿ ಸಂಸಾರ ಬಿಡುವ ವ್ರತಕ್ಕೆ ಬಹಳ ಬೆಲೆ ಇತ್ತು. ಅದನ್ನು ಹೇಳಲು ದೂರದ ರಾಜರು, ರಾಣಿಯರು ಬೇಕಾದರು. ಮಾತಾಡುವ ಕತ್ತೆ, ಸಿಂಹ, ಸರ್ಪ ಎಲ್ಲಾ ಬರುತ್ತವೆ. ಭಾರತ ಅನ್ನೋದು ಆ ಬರಹಗಾರನಿಗೆ ಅಷ್ಟು ದೂರದ ಜಾಗ, ಅಲ್ಲಿ ಏನು ಬೇಕಾದರೂ ನಡೆಯಬಹುದು. ಆದ್ದರಿಂದ ಗುಂಡಫರನ ಒಂದು ಹೆಸರು ಬಿಟ್ಟರೆ ನಮ್ಮ ನೆಲದ್ದು ಅದರಲ್ಲಿ ಹುಡುಕುವುದು ಕಷ್ಟ ಅಂತ ನನ್ನ ಅಭಿಪ್ರಾಯ.

ಹಳೇನಾಣ್ಯ:

ನಿರಣಂಮೂಲ ಅವರೇ, ಕಥೆ ಮೊದಲು, ಹಕ್ಕು ಆಮೇಲೆ ಅನ್ನೋ ನಿಮ್ಮ ಮಾತು ಮಲಬಾರಿಗೆ ಸರಿಯಾಗಿ ಹೊಂದುತ್ತದೆ. 1599ಕ್ಕೆ ಮುಂಚೆಯೇ ಕಥೆ ಅಲ್ಲಿತ್ತು, ಅದರಲ್ಲಿ ಅನುಮಾನ ಬೇಡ. ಉಳಿಯುವ ಪ್ರಶ್ನೆ ಒಂದೇ. ಎದೆಸ್ಸದ ಪುಸ್ತಕದ ಹಬ್ಬಾನ್ ಮಾರ್ಗಂಕಳಿಯೊಳಗೆ ಹೇಗೆ ಬಂದ?

ಕಡಲದಾರಿ:

ಅದಕ್ಕೆ ನನ್ನ ಹತ್ತಿರ ಉತ್ತರ ಇದೆ, ಅದೂ ಕಲ್ಲು ತಾಮ್ರದ್ದು. ಮಲಬಾರಿನ ಸಭೆಗೆ ಪೋರ್ಚುಗೀಸರಿಗಿಂತ ಎಷ್ಟೋ ಶತಮಾನ ಮೊದಲೇ ಪರ್ಷಿಯದ ಸಭೆಯ ಜೊತೆ ನಂಟಿತ್ತು. ಬಿಷಪ್ಪರು ಅಲ್ಲಿಂದ ಹಡಗಿನಲ್ಲಿ ಬರುತ್ತಿದ್ದರು, ಪೂಜೆಯ ಭಾಷೆ ಸಿರಿಯಾಕ್. ಎದೆಸ್ಸದ ಪುಸ್ತಕ ಬರೆದ ಭಾಷೆಯೂ ಅದೇ. ಕಾಸ್ಮಸ್ ಹೇಳಿದ ಪರ್ಷಿಯದ ನಂಟಿಗೆ ಕೈಯಲ್ಲಿ ಮುಟ್ಟುವ ಸಾಕ್ಷಿಗಳೂ ಇವೆ. 1547ರಲ್ಲಿ ಚೆನ್ನೈನ ಪರಂಗಿಮಲೆಯಲ್ಲಿ ಸಿಕ್ಕ ಕಲ್ಲಿನ ಶಿಲುಬೆಯ ಸುತ್ತ ಪರ್ಷಿಯದ ಹಳೆಯ ಪಹ್ಲವಿ ಲಿಪಿಯ ಅಕ್ಷರಗಳಿವೆ. ಅದೇ ಮಾದರಿಯ ಶಿಲುಬೆಗಳು ಕೊಟ್ಟಾಯಂ, ಕಡಮಟ್ಟಂ ಪಳ್ಳಿಗಳಲ್ಲಿವೆ. ಕೊಲ್ಲಂನ ತರಿಸಾಪಳ್ಳಿ ತಾಮ್ರಪಟ 849ರದ್ದು. ಸ್ಥಾಣು ರವಿ ಅರಸನ ಕಾಲದಲ್ಲಿ ವೇಣಾಡಿನ ಅಧಿಪತಿ ಅಯ್ಯನಡಿಗಳ್, ಮಾರ್ ಸಾಪಿರ್ ಈಸೊ ಅನ್ನೋ ಕ್ರೈಸ್ತ ಮುಖಂಡ ಕಟ್ಟಿಸಿದ ಪಳ್ಳಿಗೆ ಭೂಮಿ, ಆಳುಕಾಳು, ತೂಕ ಅಳತೆಯ ಹಕ್ಕು ಬಿಟ್ಟುಕೊಟ್ಟ ದಾಖಲೆ. ಸಾಕ್ಷಿಗಳ ಸಹಿ ಅರಬ್ಬಿಯ ಕೂಫಿ ಲಿಪಿಯಲ್ಲಿದೆ, ಪಹ್ಲವಿಯಲ್ಲಿದೆ, ಹೀಬ್ರೂ ಅಕ್ಷರದಲ್ಲಿದೆ. ಮುಸ್ಲಿಮ್, ಪಾರ್ಸಿ, ಕ್ರೈಸ್ತ, ಯೆಹೂದಿ ವ್ಯಾಪಾರಿಗಳು ಒಂದೇ ಪಟಕ್ಕೆ ಸಹಿ ಹಾಕಿದ್ದಾರೆ.

ಹಾಗಾಗಿ ಹಬ್ಬಾನನ ಕಥೆ ಈ ಹಡಗುಗಳಲ್ಲೇ ಬಂತು ಅನ್ನೋದು ನನ್ನ ಊಹೆ. ಬಂದಾಗ ಇಲ್ಲಿ ತೋಮರ ನೆನಪು ಮೊದಲೇ ಇತ್ತಾ, ಇಲ್ಲಾ ಹಡಗಿನವರೇ ಆ ನೆನಪನ್ನೂ ತಂದರಾ ಅನ್ನೋದನ್ನು ಈ ವಸ್ತುಗಳು ಹೇಳುವುದಿಲ್ಲ. ಏಳು ಊರಿನ ಹೆಸರು, ಚೋಳ ರಾಜ ಇವು ಇಲ್ಲಿನವೇ.

ಕಲ್ಯಾಣಪುರದ ಓದುಗರೇ, ನಿಮ್ಮ ಕರಾವಳಿಗೆ ಹತ್ತಿರದ ಸುದ್ದಿ ಒಂದಿದೆ. ಗೋವೆಯ ಅಗಸಾಯಿಂನಲ್ಲಿ 2001ರಲ್ಲಿ ಪಹ್ಲವಿ ಬರಹದ ಇಂಥದ್ದೇ ಒಂದು ಶಿಲುಬೆ ಸಿಕ್ಕಿದೆ. ಅಂದರೆ ಈ ಜನ ಮಲಬಾರಿನಲ್ಲಿ ಮಾತ್ರ ಇಳಿದವರಲ್ಲ.

ಕಲ್ಯಾಣಪುರದ ಓದುಗ:

ಅಗಸಾಯಿಂ ಶಿಲುಬೆಯ ವಿಷಯ ಗೊತ್ತಿರಲಿಲ್ಲ ಸರ್, ಬಹಳ ಉಪಕಾರ ಆಯಿತು. ಗೋವೆಯಿಂದ ಉಡುಪಿಗೆ ಕಡಲಲ್ಲಿ ಎಷ್ಟು ದೂರ? ಬಸರೂರು, ಬಾರ್ಕೂರು ಎರಡೂ ಹಳೆಯ ಬಂದರುಗಳು. ಅಲ್ಲಿ ಬಿದ್ದಿರುವ ಕಲ್ಲುಗಳಲ್ಲಿ ಪಹ್ಲವಿ ಅಕ್ಷರ ಗುರುತಿಸಬಲ್ಲವರು ಯಾರಾದರೂ ಒಮ್ಮೆ ಸುತ್ತಿ ನೋಡಬೇಕು. ಈ ಕಡೆ ಬರುವವರಿದ್ದರೆ ಹೇಳಿ, ಜೊತೆಗೆ ನಾನು ಬರುತ್ತೇನೆ.